ಇನ್ನೂರೈವತ್ತು

ಶಾಂತಿಗ್ರಾಮದ ದ್ಯಾವೇಗೌಡರ ಫೋನು, ಬೆಳಗ್ಗೆ ಏಳಕ್ಕೇ:
"ಮೂರ್ ಕಿತ ಕಳ್ಸಿವ್ನಿ ಕಣವ್ವ ಲಾರಿ ಬಿಲ್ಲು,
ಹೋಗಯ್ತೆ ಅಂತದೆ ನನ್ ಫೋನು.
ನಿಮ್ ಕಡೆಯಿಂದ ಉಸುರಿಲ್ಲ, ಕಾಸಿಲ್ಲ."

ಮೇ ತಿಂಗಳು. ಹಾಸನದ ನಮ್ಮ ಕೋಲ್ಡ್ ಸ್ಟೋರೇಜಿನ ಗೇಟಿನಿಂದ
ಬಿತ್ತನೆ ಆಲೂಗಡ್ಡೆಗೆ ನಿಂತ ಟ್ರ್ಯಾಕ್ಟರುಗಳ ಸಾಲು
ಸಂತೇಪೇಟೆಯ ತಿರುವು ಮುಟ್ಟಿದೆ.
ಗಡ್ಡೆಗಳಿಗೆ ಮೂರು ಡಿಗ್ರಿ. ನನ್ನ ಕೋಣೆಗೆ ಮೂವತ್ಮೂರು.
ಇರುವ ಒಂದೇ ಟೇಬಲ್ ಫ್ಯಾನು ಸರ್ವರಿನ ಕಡೆ ಮುಖ ಮಾಡಿದೆ.

ಮೊದಲು ಹೊರಗಿನವರನ್ನೇ ಅನುಮಾನಿಸಬೇಕು, ಅದು ರೂಢಿ.
ಕಪ್ಪುಪಟ್ಟಿಗಳಲ್ಲಿ ಹುಡುಕಿದೆ: ಗೌಡರ ಹೆಸರಿಲ್ಲ.
ರುಜು ಸರಿ, ವಿಳಾಸ ಸರಿ, ಲಗತ್ತು ಹಗುರ.
ಲಾಗ್ ಬಿಚ್ಚಿದರೆ ಪತ್ರ ಬಂದಿದೆ! ಮೂರು ಸಲವೂ.
ಬಾಗಿಲಲ್ಲಿ ನಮ್ಮ ಸರ್ವರು ಮರ್ಯಾದೆಯಾಗಿ
ಇನ್ನೂರೈವತ್ತು ಎಂದಿದೆ. ಅದರ ಭಾಷೆಯಲ್ಲಿ ಹಾಗೆಂದರೆ
ಆಯಿತು, ತಲುಪಿತು, ಹೋಗಿ ಬನ್ನಿ.
ಮುಂದಿನ ಸಾಲಿನಲ್ಲಿ ಪತ್ರವೇ ಇಲ್ಲ.

ಕೈಮುಗಿದು ಒಳಗೆ ಕರೆದು
ಹಿತ್ತಿಲಿಂದ ಆಚೆ ಹಾಕುವ ಮನೆಗಳನ್ನು ಕಂಡಿದ್ದೆ.
ಯಂತ್ರಕ್ಕೆ ಇದನ್ನು ಕಲಿಸಿದವರು ಯಾರು?

ನಿಯಮಗಳ ಕಡತ, ನೂರ ಹನ್ನೆರಡನೇ ಸಾಲಿನಿಂದ.
ನನಗೆ ಮುಂಚೆ ಇದೇ ಕುರ್ಚಿಯಲ್ಲಿದ್ದ ತೀರ್ಥೇಶನ ಕೈವಾಡ.
ದ್ಯಾವೀರಯ್ಯ ಒಂದು, ದ್ಯಾವೀರಯ್ಯ ಎರಡು, ದ್ಯಾವೀರಯ್ಯ ಹಾಸನ,
ಹೀಗೆ ಆರು ವಿಳಾಸ. ಏಳನೆಯದಕ್ಕೆ ಬೇಸತ್ತು
ದ್ಯಾ ಅಂತ ಬರೆದು ಪಕ್ಕ ಒಂದು ನಕ್ಷತ್ರ:
ಹಾಗೆ ಶುರುವಾಗುವವರು ಯಾರೇ ಆಗಲಿ,
ಹೂಂ ಅನ್ನು, ಒಳಗೆ ಬಿಡಬೇಡ.
ಟಿಪ್ಪಣಿ: ತಲೆನೋವು.

ನಕ್ಷತ್ರ ನೋಡಿ ಮೊದಲಕ್ಷರ ಇಡುವುದು ಗೊತ್ತಿತ್ತು,
ಇಲ್ಲಿ ಅಕ್ಷರ ನೋಡಿ ನಕ್ಷತ್ರ ಇಟ್ಟಿದ್ದಾರೆ.

ನುಂಗಿದ್ದೆಲ್ಲ ಎಲ್ಲಿ ಹೋಯಿತೆಂದು ಹೊಟ್ಟೆ ಹುಡುಕಿದೆ.
ಇನ್ನೂರ ಎಂಟು ಪತ್ರ. ಗೌಡರ ಬಿಲ್ಲು ಮೂರು,
ಯಾರೋ ದ್ಯಾವಮ್ಮನ ಕೆಲಸದ ಅರ್ಜಿ, ಫೋಟೋ ಸಮೇತ.
ಮಿಕ್ಕದ್ದೆಲ್ಲ ದ್ಯಾವೀರಯ್ಯನವರದು.
ಇಪ್ಪತ್ತಾರು ವರ್ಷ ಇಲ್ಲಿನ ವೇಬ್ರಿಡ್ಜಿನಲ್ಲಿ ಚೀಟಿ ಬರೆದವರು.
ಮೊದಮೊದಲು ಗ್ರಾಚ್ಯುಟಿಗೆ, ಉದ್ದುದ್ದ, ಕಾಯ್ದೆಯ ಕಲಮುಗಳೊಡನೆ.
ಬರಬರುತ್ತಾ ಗಿಡ್ಡ.
ಒಂದೂ ವಾಪಸ್ ಬರಲಿಲ್ಲವಲ್ಲ,
"ತಾವು ಓದುತ್ತಿದ್ದೀರಿ ಎಂಬುದೇ ಸಮಾಧಾನ"
ಅಂತ ನೂರಾ ನಲವತ್ತನೆಯದರಲ್ಲೋ ಎಲ್ಲೋ ಬರೆದಿದ್ದಾರೆ.
ಕಡೆಯದು ಹನ್ನೊಂದು ದಿನದ ಹಿಂದಿನದು. ದುಡ್ಡಿನ ಮಾತೇ ಇಲ್ಲ:
"ತುಂಬಿದ ಗಾಡಿ ಎಡಕ್ಕೆ ಒತ್ತಿ ನಿಂತರೆ
ನಲವತ್ತು ಕೆಜಿ ಜಾಸ್ತಿ ತೋರುತ್ತೆ. ಹೋದ ವರ್ಷವೂ ತಿಳಿಸಿದ್ದೆ.
ಬಿತ್ತನೆ ಮಾರಾಟ ಶುರುವಾಗುವ ಮುಂಚೆ ದಯವಿಟ್ಟು ನೋಡಿಸಿ."

ಮ್ಯಾನೇಜರ್ ಜಯಶೀಲರಿಗೆ ಹೇಳಿದೆ, ವೇಬ್ರಿಡ್ಜಿನದು ಬಿಟ್ಟು.
"ನಕ್ಷತ್ರ ತೆಗಿ, ಗೌಡರ ಬಿಲ್ಲು ಪಾಸ್ ಮಾಡ್ಸು.
ಆ ಆರು ಹಂಗೇ ಇರ್ಲಿ ಕಣಮ್ಮ, ಮುಗಿದ್ಹೋದ ಕತೆ."
ಒಂದು ಸಾಲು ಅಳಿಸಿದರೆ ಸಾಕಿತ್ತು.
ಏಳೂ ಅಳಿಸಿದೆ.
ಧೈರ್ಯವೇನಲ್ಲ. ಬೆರಳು ಹೇಗೂ ಅದೇ ಕೀಲಿಯ ಮೇಲಿತ್ತು.

ಸರ್ವರನ್ನು ಮತ್ತೆ ಎಬ್ಬಿಸಿ, ಲಾಗ್ ನೋಡುತ್ತಾ ಕೂತೆ.
ಮೊದಲು ಒಳಬಂದದ್ದು
ಮಂಡಿನೋವಿನ ಎಣ್ಣೆಯ ಜಾಹೀರಾತು.

ಊಟದ ಹೊತ್ತಿಗೆ ಹೊರಗೆ ನಡೆದೆ.
ವೇಬ್ರಿಡ್ಜಿನ ಮೇಲೆ ದುದ್ದದ ಟ್ರ್ಯಾಕ್ಟರು, ಮೂಟೆ ತುಂಬಿ,
ಎಡಕ್ಕೇ ನಿಂತಿತ್ತು. ಕೆಂಪಂಕಿಯನ್ನು ಅಂಗೈಯಲ್ಲಿ ಬರೆದುಕೊಂಡೆ.
"ಅಣ್ಣಾ, ಒಂಚೂರು ಬಲಕ್ಕೆ ತಗೊಳ್ತೀರಾ?"
"ಯಾಕವ್ವ, ನಿಂತ್ಕಂಡೈತಲ್ಲ ತೂಕ?"
"ಸುಮ್ನೆ, ನೋಡೋಕೆ."
ಗೊಣಗುತ್ತಲೇ ಹಿಂದೆ ಸರಿಸಿ, ಬಲಕ್ಕೆ ಒತ್ತಿ ತಂದ.

ಅಂಕಿ ಏರಿತು, ಇಳಿಯಿತು,
ಇನ್ನೂ ನಿಂತಿಲ್ಲ.
ಹಿಂದೆ ಸಾಲಿಗೆ ಸಾಲೇ ಹಾರನ್ ಒತ್ತುತ್ತಿದೆ.